ಬೆಕ್ಕಿನ ಊಟ

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕು ಸುಡುವ ಹಾಲಿಗೆ ಬಾಯಿಟ್ಟು, ಬಳಿಕ ಹಾಲನ್ನು ಕಂಡೊಡನೆ ಓಡುತ್ತಿದ್ದ ಕಥೆಗೆ ನಗದ ಮಕ್ಕಳೂ ಇಲ್ಲ. ಬೆಕ್ಕಿನ ಆಹಾರವೆಂದರೆ ಹಾಲು ಎಂಬ ಭಾವನೆ ನಮ್ಮಲ್ಲಿ ಅಷ್ಟು ಆಳವಾಗಿ ಬೇರೂರಿದೆ. ನಮ್ಮ ಮನೆಯ ಗೌರಿಯ ಊಟವೂ ಈ ನಂಬಿಕೆಯ ಮೇಲೆಯೇ ನಡೆಯುತ್ತಿದ್ದಿತು.

ಗೌರಿ ಬಿಳಿಯ ಬೆಕ್ಕು. ನಮ್ಮದೋ ಈರುಳ್ಳಿಯನ್ನು ಕೂಡ ಅಳುಕುತ್ತ ಒಳಗೆ ತರುವ ಮನೆ. ಬೆಳಿಗ್ಗೆ ಹಾಲು, ಮಧ್ಯಾಹ್ನ ಮೊಸರನ್ನ, ರಾತ್ರಿ ತುಪ್ಪದ ದೋಸೆಯ ಚೂರು. ಇದು ಅದರ ದಿನಚರಿ. ಮೂರನೆಯ ಅಂತಸ್ತಿನ ಮನೆಯಾದುದರಿಂದ ಇಲಿಗಳ ಸುಳಿವೂ ಇರಲಿಲ್ಲ. “ಪೂರ್ವಜನ್ಮದಲ್ಲಿ ಇದು ಶ್ರೋತ್ರಿಯರ ಮನೆಯ ಮಗಳು” ಎಂದು ನಮ್ಮ ತಾಯಿಯವರು ಬಂದವರೊಡನೆಲ್ಲ ಹೇಳಿಕೊಳ್ಳುವರು. ಆಗಾಗ ಅದಕ್ಕೆ ಹೊಟ್ಟೆ ಕೆಟ್ಟರೆ ದೃಷ್ಟಿ ತಾಗಿತೆಂದು ನಿವಾಳಿಸುವರು.

ನಾಲ್ಕನೆಯ ವರ್ಷದಲ್ಲಿ ಗೌರಿ ಕಿಟಕಿಗೆ ಹಾರುವಾಗ ಗುರಿ ತಪ್ಪತೊಡಗಿತು. ಒಂದು ಸಂಜೆ ನಡುಮನೆಯಲ್ಲಿ ಇಟ್ಟಿದ್ದ ಮಣೆಗೆ ಹಣೆ ಬಡಿದುಕೊಂಡು, ಏನಾಯಿತೆಂದು ತಿಳಿಯದೆ ನಿಂತುಬಿಟ್ಟಿತು. ಪಶುವೈದ್ಯರು ದೀಪ ಹಿಡಿದು ಕಣ್ಣನ್ನು ಪರೀಕ್ಷಿಸಿ, “ಏನು ತಿನ್ನಿಸುತ್ತೀರಿ?” ಎಂದರು. ನಾನು ತುಸು ಹೆಮ್ಮೆಯಿಂದಲೇ ಹೇಳಿದೆನು. ಅವರು ಕೆಲವು ಕ್ಷಣ ಮಾತನಾಡಲಿಲ್ಲ.

ಆ ಮೇಲೆ ಅವರು ತಿಳಿಸಿದುದರ ಸಾರವಿಷ್ಟು. ಟಾರಿನ್ ಎಂಬ ಪದಾರ್ಥವನ್ನು ಮನುಷ್ಯನ ದೇಹ ತಾನೇ ಸಿದ್ಧಮಾಡಿಕೊಳ್ಳಬಲ್ಲುದು. ಬೆಕ್ಕಿನ ದೇಹಕ್ಕೆ ಸಾಕಾಗುವಷ್ಟು ಮಾಡಿಕೊಳ್ಳುವ ಶಕ್ತಿಯಿಲ್ಲ. ಅದು ಮಾಂಸದಿಂದಲೂ ಮೀನಿನಿಂದಲೂ ಬರಬೇಕು. ಅನ್ನದಲ್ಲಿ ಅದು ಇಲ್ಲ, ಹಾಲಿನಲ್ಲಿ ಅತ್ಯಲ್ಪ. ಅದರ ಕೊರತೆಯಿಂದ ಬೆಕ್ಕಿನ ಅಕ್ಷಿಪಟ ನಶಿಸುವುದೆಂದು 1975ರಲ್ಲಿಯೂ, ಹೃದಯ ಹಿಗ್ಗಿ ದುರ್ಬಲವಾಗುವುದೆಂದು 1987ರಲ್ಲಿಯೂ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದು. ನಾವು ನಿವಾಳಿಸಿದ ದೃಷ್ಟಿದೋಷ ಬಹುಶಃ ಅದೇ. ಸಿಹಿಯ ರುಚಿಯಂತೂ ಬೆಕ್ಕಿನ ನಾಲಗೆಗೆ ತಿಳಿಯುವುದೇ ಇಲ್ಲವಂತೆ! ಹಬ್ಬದ ಪಾಯಸವನ್ನೂ ನಾವು ನಮ್ಮ ತೃಪ್ತಿಗಾಗಿಯೇ ಇಕ್ಕಿದ್ದೆವು.

“ಹೋದ ದೃಷ್ಟಿ ಮರಳುವುದಿಲ್ಲ. ಹೃದಯವನ್ನಾದರೂ ಉಳಿಸಿಕೊಳ್ಳಿ” ಎಂದು ಅವರು ಕಳುಹಿಸಿಕೊಟ್ಟರು. ಗಾದೆಯಲ್ಲಿ ಕಣ್ಣು ಮುಚ್ಚುವುದು ಬೆಕ್ಕು. ನಮ್ಮ ಮನೆಯಲ್ಲಿ ಕಣ್ಣು ಮುಚ್ಚಿ ಹಾಲೆರೆದವರು ನಾವು.

“ಒಂದು ಜೀವವನ್ನು ಕಾಯಲು ಇನ್ನೊಂದು ಜೀವವನ್ನು ತೆಗೆಯುವುದೇ?” ಎಂದು ತಾಯಿಯವರು ಕೇಳಿದರು. ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ, ಇಂದಿಗೂ ಇಲ್ಲ. ಆದರೆ ಅಹಿಂಸೆಯ ವ್ರತವನ್ನು ಕೈಕೊಂಡವರು ನಾವು, ಗೌರಿಯಲ್ಲ. ನಮ್ಮ ಪುಣ್ಯಕ್ಕೆ ಅದರ ಕಣ್ಣನ್ನು ತೆರುವುದು ಯಾವ ಧರ್ಮ? ಬೆಕ್ಕನ್ನು ಸಾಕದೆ ಇರುವ ಸ್ವಾತಂತ್ರ್ಯ ನಮಗೆ ಇದ್ದಿತು. ಸಾಕಿ, ಅದರ ಊಟವನ್ನು ತಪ್ಪಿಸುವ ಅಧಿಕಾರ ಇರಲಿಲ್ಲ.

ಈಗ ಟಾರಿನ್ ಸೇರಿಸಿದ ಸಿದ್ಧ ಆಹಾರವನ್ನು ಅಂಗಡಿಯಿಂದ ತರುತ್ತೇವೆ. ವಾರಕ್ಕೆರಡು ದಿನ ನೆರೆಮನೆಯವರು ಬೇಯಿಸಿದ ಕೋಳಿಯ ಹೃದಯದ ತುಂಡುಗಳನ್ನು ಕೊಡುತ್ತಾರೆ. ಟಾರಿನ್ ನೀರಿನಲ್ಲಿ ಕರಗಿಹೋಗುವುದರಿಂದ ಬೇಯಿಸಿದ ನೀರನ್ನು ಚೆಲ್ಲಬಾರದು. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ. ಈ ಒಂದು ವಿಷಯದಲ್ಲಿ ಗೌರಿಗೂ ನಮ್ಮ ಮಡಿಗೂ ಹೊಂದಿಕೆಯುಂಟು. ಬರಿಯ ಮಾಂಸವೂ ಪೂರ್ಣ ಆಹಾರವಲ್ಲ, ಅದರಲ್ಲಿ ಸುಣ್ಣದ ಅಂಶ ಸಾಲದು. ಆದುದರಿಂದ ಮನೆಯಲ್ಲಿಯೇ ಎಲ್ಲವನ್ನೂ ಮಾಡಿ ಹಾಕುವವರು ವೈದ್ಯರನ್ನು ಕೇಳಿ ಮಾಡುವುದು ಲೇಸು.

ಗೌರಿಯ ಬಟ್ಟಲು ಈಗ ಮೊಗಸಾಲೆಯ ಮೂಲೆಯಲ್ಲಿದೆ. ಮೂಗಿಗೆ ಸೆರಗು ಹಿಡಿದು, ಮುಖ ತಿರುಗಿಸಿ, ತಾಯಿಯವರೇ ಅದನ್ನು ಇಡುತ್ತಾರೆ. ದಿನವೂ ಅದೇ ಜಾಗದಲ್ಲಿ ಇಟ್ಟು, ನೆಲಕ್ಕೆ ಎರಡು ಬಾರಿ ಕುಟ್ಟುತ್ತಾರೆ. ಆ ಸದ್ದಿಗೆ ಗೌರಿ ಗೋಡೆಯನ್ನು ಸವರಿಕೊಂಡು ಬರುತ್ತದೆ. ಅದು ತಿಂದು ಮುಗಿಸುವವರೆಗೆ ಅವರು ಅಲ್ಲಿಯೇ ಕುಳಿತಿರುತ್ತಾರೆ. ಆ ಮೇಲೆ ಎದ್ದು ಸ್ನಾನಕ್ಕೆ ಹೋಗುತ್ತಾರೆ.