ನೆರಳಿನ ಗಿಡ ಗಿಬೋಶಿ

ಜಪಾನಿನ ಕ್ಯೋಟೋ ನಗರದಲ್ಲಿ ಕಾಮೋ ನದಿಯ ಮೇಲಿರುವ ಸಾಂಜೋ ಸೇತುವೆಯ ಕಂಬಗಳ ನೆತ್ತಿಯಲ್ಲಿ ನಮ್ಮ ಗುಡಿಗಳ ಕಳಸದಂಥ ಲೋಹದ ಮೊಗ್ಗುಗಳಿವೆ. ಕೆಲವು 1590ರವು. ಅವಕ್ಕೆ ಗಿಬೋಶಿ ಎಂದು ಹೆಸರು. ಹೂಮೊಗ್ಗು ಅದೇ ಆಕಾರದ್ದಾದ್ದರಿಂದ ಹಾಸ್ಟಾ ಗಿಡವನ್ನೂ ಅಲ್ಲಿ ಗಿಬೋಶಿ ಎನ್ನುತ್ತಾರೆ.

ನಾವು ಮರದಡಿಯಲ್ಲಿ ಕಂಡದ್ದು ಗೇಣೆತ್ತರದ ಜಾತಿ. ಹಸಿರೆಲೆಗೆ ಬಿಳಿಯ ಅಂಚು. ನೆರಳು, ಎಲೆಗೊಬ್ಬರ, ಆರದ ತೇವ ಇದಕ್ಕೆ ಬೇಕು. ಬಿಳಿಯ ಭಾಗದಲ್ಲಿ ಪತ್ರಹರಿತ್ತಿಲ್ಲ. ಆದಕಾರಣ ಬೆಳವಣಿಗೆ ನಿಧಾನ, ಬಿಸಿಲು ತಾಗಿದರೆ ಅಂಚು ಸುಡುತ್ತದೆ.

ಮುಂಬಯಿಗೆ ಒಂದು ಬುಡ ಒಯ್ಯಬೇಕೆಂದು ನಮ್ಮ ಮನೆಯವರ ಆಸೆ. ಆದರೆ ಚಳಿಗಾಲದಲ್ಲಿ ಎಲೆಯೆಲ್ಲ ಅಳಿದು ಬುಡ ನೆಲದೊಳಗೆ ಮಲಗಬೇಕು. ಆ ಚಳಿಯನ್ನುಂಡೇ ವಸಂತದಲ್ಲಿ ಚಿಗುರುವುದು. ಚಳಿಯಿಲ್ಲದ ಊರಲ್ಲಿ ಸೊರಗುತ್ತದೆ. ಪರವೂರಿನ ಮಣ್ಣಿಗೆ ಒಗ್ಗಿಕೊಂಡವರು ನಾವು. ಆ ಭಾಗ್ಯ ಎಲ್ಲ ಬೇರಿಗೂ ಇರದು. ಗಿಡವನ್ನು ಅದರ ಚಳಿಗೇ ಬಿಟ್ಟು ಬಂದೆವು.