ಶನಿವಾರದ ಮಧ್ಯರಾತ್ರಿ

ಹೆವಿ ಮೆಟಲ್ ಎಂದರೇನು ಎಂದು 1990ಕ್ಕೆ ಮೊದಲು ಯಾರಾದರೂ ನನ್ನನ್ನು ಕೇಳಿದ್ದರೆ, ಬಚ್ಚಲುಮನೆಯ ತಾಮ್ರದ ಹಂಡೆ ಎನ್ನುತ್ತಿದ್ದೆನೋ ಏನೋ. ತೀರ್ಥಹಳ್ಳಿಯ ಕಡೆಯ ಹುಡುಗಿಗೆ ಅದಕ್ಕಿಂತ ಭಾರದ ಲೋಹ ಗೊತ್ತಿರಲಿಲ್ಲ. ಗೊತ್ತು ಮಾಡಿಸಿದವನು ನನ್ನ ಮಗ, ನ್ಯೂಜೆರ್ಸಿಯ ಮನೆಯ ನೆಲಮಾಳಿಗೆಯಲ್ಲಿ.

ಆಗ ಅವನಿಗೆ ಹದಿನೈದು. ಮಾತು ನಿಲ್ಲಿಸಿಬಿಟ್ಟಿದ್ದ. ನಾನು ಕನ್ನಡದಲ್ಲಿ ನಾಲ್ಕು ಪ್ರಶ್ನೆ ಕೇಳಿದರೆ ಇಂಗ್ಲಿಷಿನಲ್ಲಿ ಒಂದು ಉತ್ತರ, ಅದೂ 'ಫೈನ್'. ಶನಿವಾರ ರಾತ್ರಿ ಹನ್ನೆರಡಾಯಿತೆಂದರೆ ಕೆಳಗಿಳಿದು ಎಂಟೀವಿ ಹಾಕುತ್ತಿದ್ದ. 1987ರಲ್ಲಿ ಶುರುವಾಗಿದ್ದ ಆ ಕಾರ್ಯಕ್ರಮದ ಹೆಸರು 'ಹೆಡ್‌ಬ್ಯಾಂಗರ್ಸ್ ಬಾಲ್'. ಬಾಲ್ ಎಂದರೆ ಚೆಂಡಲ್ಲ, ಕುಣಿತದ ಕೂಟ. ಉದ್ದ ಕೂದಲಿನ ರಿಕಿ ರಾಕ್ಟ್‌ಮನ್ ಬಂದು ಒಂದಾದ ಮೇಲೊಂದು ವಿಡಿಯೋ ಹಾಕುವುದು, ಪರದೆಯ ಮೇಲಿನವರೆಲ್ಲ ಗಿಟಾರು ಹಿಡಿದು ತಲೆ ಕೊಡವುವುದು. ನಮ್ಮವರು ಎರಡೇ ದಿನ ನೋಡಿ, "ಇವರಿಗೆಲ್ಲ ಒಂದು ಕ್ಷೌರದಂಗಡಿ ತೋರಿಸಬೇಕು" ಎಂದು ಮಲಗಲು ಹೋದರು.

ನನಗೆ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ಆ ವರ್ಷವೇ ನೆವಾಡಾದ ರೀನೋ ಊರಿನ ನ್ಯಾಯಾಲಯದಲ್ಲಿ ಜೂಡಸ್ ಪ್ರೀಸ್ಟ್ ಎಂಬ ತಂಡದ ಮೇಲೆ ವಿಚಾರಣೆ ನಡೆದಿತ್ತು. ಹಾಡಿನಲ್ಲಿ ಅಡಗಿಸಿಟ್ಟ ಮಾತೇ ತಮ್ಮ ಮಕ್ಕಳನ್ನು ಬಲಿ ತೆಗೆದುಕೊಂಡಿತೆಂದು ಇಬ್ಬರು ಯುವಕರ ಮನೆಯವರ ದೂರು. ತಂಡ ಹೊಣೆಯಲ್ಲವೆಂದು ಆಗಸ್ಟಿನಲ್ಲಿ ತೀರ್ಪಾಯಿತು. ತೀರ್ಪು ಓದಿದ ಮಾತ್ರಕ್ಕೆ ತಾಯಿಯ ಹೊಟ್ಟೆಯೊಳಗಿನ ಬೆಂಕಿ ಆರುತ್ತದೆಯೇ, ನೀವೇ ಹೇಳಿ? ಮುಂದಿನ ಶನಿವಾರ ಒಗೆದ ಬಟ್ಟೆಯ ಬುಟ್ಟಿ ಹೊತ್ತುಕೊಂಡು ಕೆಳಗಿಳಿದೆ. ಮಡಚುವುದು ನೆಪ, ಕಾವಲು ಕಾಯುವುದು ಉದ್ದೇಶ.

ಅವನು ಹುಬ್ಬು ಗಂಟಿಕ್ಕಿದ. ಅಪ್ಪ ಏಳದಿರಲೆಂದು ಧ್ವನಿ ತಗ್ಗಿಸಿದ್ದ. ಪಿಸುದನಿಯಲ್ಲಿ ಹೆವಿ ಮೆಟಲ್ ಕೇಳಿದವರು ಲೋಕದಲ್ಲಿ ನಾವಿಬ್ಬರೇ ಇರಬೇಕು! ಮೂರನೆಯ ವಾರ ಅವಲಕ್ಕಿ ಒಗ್ಗರಣೆ ಮಾಡಿಕೊಂಡು ಹೋದೆ. ಅವನು ಸೋಫಾದಲ್ಲಿ ಸ್ವಲ್ಪ ಜರುಗಿ ಜಾಗ ಕೊಟ್ಟ.

ನಿಜ ಹೇಳಬೇಕೆಂದರೆ, ಆ ಗಲಾಟೆ ನನಗೆ ಅಷ್ಟು ಹೊಸದೇನಲ್ಲ. ಚಿಕ್ಕಂದಿನಲ್ಲಿ ಅಪ್ಪನ ಪಕ್ಕ ಚಾಪೆಯ ಮೇಲೆ ಕುಳಿತು ಬೆಳಗಿನವರೆಗೆ ಯಕ್ಷಗಾನ ನೋಡಿದವಳು ನಾನು. ಸರಿರಾತ್ರಿಯಲ್ಲಿ ಚೆಂಡೆ ಮೊರೆದು, ಮುಖಕ್ಕೆ ಬಣ್ಣ ಬಳಿದ ರಾಕ್ಷಸ ಆರ್ಭಟಿಸುತ್ತ ಬಂದಾಗ ಅಪ್ಪನ ತೋಳು ಹಿಡಿದುಕೊಳ್ಳುತ್ತಿದ್ದೆ. ಹೆದರಿಕೆಯೂ ಬೇಕಿತ್ತು, ತೋಳೂ ಬೇಕಿತ್ತು.

ಒಂದು ರಾತ್ರಿ ಮೆಟಾಲಿಕಾದ 'ಒನ್' ಬಂತು. 1989ರ ಆ ವಿಡಿಯೋ ಆ ತಂಡದ ಮೊದಲನೆಯದಂತೆ. ನಡುನಡುವೆ 'ಜಾನಿ ಗಾಟ್ ಹಿಸ್ ಗನ್' ಎಂಬ 1971ರ ಸಿನಿಮಾದ ದೃಶ್ಯಗಳು. ಮೊದಲ ಮಹಾಯುದ್ಧದಲ್ಲಿ ಕೈಕಾಲು, ಕಣ್ಣು, ಕಿವಿ, ಬಾಯಿ ಎಲ್ಲ ಕಳೆದುಕೊಂಡ ಹುಡುಗನೊಬ್ಬ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾನೆ. ಒಳಗೆ ಬುದ್ಧಿ ಎಚ್ಚರವಾಗಿಯೇ ಇದೆ. ಹೇಳುವುದು ಹೇಗೆ? ತಲೆಯನ್ನು ದಿಂಬಿಗೆ ಬಡಿದು ಬಡಿದು ಮೋರ್ಸ್ ಸಂಕೇತದಲ್ಲಿ ಸಹಾಯ ಕೇಳುತ್ತಾನೆ. ನನ್ನ ಕೈಯಲ್ಲಿದ್ದ ಟವೆಲ್ಲು ಹಾಗೇ ಉಳಿಯಿತು.

"ಅವನು ಒಳಗಿದಾನೆ ಅಂತ ಯಾರಿಗೂ ಗೊತ್ತಾಗಲ್ಲ, ಅಮ್ಮ" ಎಂದ ಮಗ. ಕನ್ನಡದಲ್ಲಿ. ಟೀವಿಯಿಂದ ಕಣ್ಣು ಕೀಳಲಿಲ್ಲ. ಆಮೇಲೆ ಶಾಲೆಯ ಸುದ್ದಿ ಒಂದೊಂದಾಗಿ ಬಂತು. ಹೆಸರನ್ನು ತಿರುಚಿ ಕರೆಯುವುದು, ಊಟದ ಡಬ್ಬಿ ತೆರೆದರೆ ಮೂಗು ಮುಚ್ಚಿಕೊಳ್ಳುವುದು. ಒಂದೂವರೆ ವರ್ಷದಿಂದ ಅವನು ಮಧ್ಯಾಹ್ನ ಊಟವನ್ನೇ ಮಾಡುತ್ತಿರಲಿಲ್ಲ. ನಾನು ಕಟ್ಟಿಕೊಟ್ಟ ಚಿತ್ರಾನ್ನ ಕಸದ ತೊಟ್ಟಿಗೆ ಹೋಗುತ್ತಿತ್ತು. ಖಾಲಿ ಡಬ್ಬಿ ತೊಳೆಯುತ್ತ ನಾನು ಸಂತೋಷಪಟ್ಟಿದ್ದೆ! ನಾನು ಅವನ ಮುಖ ನೋಡಲಿಲ್ಲ. ನೋಡಿದರೆ ಮಾತು ನಿಲ್ಲುತ್ತದೆಂದು ತಿಳಿದಿತ್ತು. ಬಟ್ಟೆ ಮಡಚುತ್ತಲೇ ಇದ್ದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದೆ.

ಸೋಮವಾರ ಶಾಲೆಗೆ ಹೋಗಿ ಬಂದೆವು. ಎಲ್ಲವೂ ಸರಿಹೋಯಿತು ಎನ್ನಲಾರೆ. ಆದರೆ ಶನಿವಾರದ ರಾತ್ರಿ ನಮ್ಮದಾಯಿತು.

1993ರಲ್ಲಿ ಅವನು ಕಾಲೇಜಿಗೆ ಹೋದ. ಆಮೇಲೂ ಕೆಲವು ಶನಿವಾರ ನಾನೊಬ್ಬಳೇ ಹಾಕಿಕೊಂಡು ಕೂತೆ. ನಮ್ಮವರು ಮೆಟ್ಟಿಲ ಮೇಲೆ ನಿಂತು ನೋಡಿ ಏನೂ ಹೇಳದೆ ಹೋದರು. 1995ರಲ್ಲಿ ಕಾರ್ಯಕ್ರಮವೇ ನಿಂತಿತು.

ಈಗ ನಾನು ಬೆಂಗಳೂರಿನಲ್ಲಿದ್ದೇನೆ. ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಇಲ್ಲಿನ ಅರಮನೆ ಮೈದಾನದಲ್ಲೇ ಹಾಡಿತು. ಆ ದಿನ ಮಗ ಫೋನು ಮಾಡಿ, "ಅಮ್ಮ, ನಿನ್ನ ಊರಿಗೇ ಬಂದಿದಾರೆ, ನೀನು ಮನೇಲಿ ಕೂತಿದೀಯ" ಎಂದು ರೇಗಿಸಿದ.

ಆ ಹಾಡುಗಳೆಲ್ಲ ಈಗ ಬೇಕೆಂದಾಗ ಮೊಬೈಲಿನಲ್ಲಿ ಸಿಗುತ್ತವೆ. ಮೊಮ್ಮಗಳು ಬಂದಾಗ ಹಾಕಿ ತೋರಿಸಿದೆ. ಅರ್ಧ ನಿಮಿಷ ನೋಡಿ, "ಬೋರ್, ಅಜ್ಜಿ" ಎಂದಳು. ಅವಳನ್ನು ಅನ್ನುವಂತಿಲ್ಲ. ಹಗಲು ಹನ್ನೊಂದು ಗಂಟೆ. ಹೊರಗೆ ತರಕಾರಿಯವನು ಕೂಗುತ್ತಿದ್ದ. ಮಡಚಲು ಬಟ್ಟೆಯೂ ಇರಲಿಲ್ಲ.