ಅಣ್ಣನವರ ದನಿ

ನಾವು ಮೂವತ್ತು ವರ್ಷಕ್ಕೂ ಮಿಗಿಲಾಗಿ ಸಂಸ್ಕೃತದ ಉಪಾಧ್ಯಾಯರಾಗಿದ್ದೆವು. ಪಾಣಿನೀಯ ಶಿಕ್ಷೆಯಲ್ಲಿ ಅಧಮರಾದ ಪಾಠಕರು ಆರು ಬಗೆಯೆಂದು ಹೇಳಿದೆ. ಅವಸರದಿಂದ ಓದುವವನೂ ದನಿ ಕ್ಷೀಣವಾದವನೂ ಅವರಲ್ಲಿ ಸೇರಿದವರು. ಇದನ್ನು ಮುಂದಿಟ್ಟುಕೊಂಡು ಎಷ್ಟೋ ಮಂದಿ ಹುಡುಗರನ್ನು ನಾವು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ನಮಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಿದ ಅಣ್ಣನವರಲ್ಲಿಯೇ ಆ ಎರಡು ದೋಷಗಳೂ ಬಂದು ಸೇರುವುವೆಂದು ಆಗ ಯಾರು ಬಲ್ಲರು?

ಅಣ್ಣನವರಿಗೆ ಈಗ 72 ವರ್ಷ. ಆರು ವರ್ಷಗಳ ಹಿಂದೆ ಬಲಗೈ ನಡುಗಲಾರಂಭಿಸಿತು. ವೈದ್ಯರು ಪಾರ್ಕಿನ್ಸನ್ ವ್ಯಾಧಿಯೆಂದರು. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯನು ಇದನ್ನು ಕುರಿತು ಪ್ರಬಂಧವನ್ನು ಬರೆದುದರಿಂದ ಈ ಹೆಸರು. ನಮ್ಮ ಆಯುರ್ವೇದದವರು ಕಂಪವಾತವೆನ್ನುತ್ತಾರೆ. ಮೆದುಳಿನ ಆಳದಲ್ಲಿ ಡೋಪಮಿನ್ ಎಂಬ ದ್ರವ್ಯವನ್ನು ಉತ್ಪತ್ತಿಮಾಡುವ ಜೀವಕಣಗಳು ಮೆಲ್ಲಮೆಲ್ಲನೆ ನಶಿಸುವುದರಿಂದ ಇದು ತಲೆದೋರುತ್ತದೆ. ಕೈಯ ನಡುಕ ಎಲ್ಲರ ಕಣ್ಣಿಗೂ ಬಿದ್ದಿತು. ದನಿ ಇಳಿದುದು ಮಾತ್ರ ಯಾರ ಗಮನಕ್ಕೂ ಬರಲಿಲ್ಲ.

ಅದು ಒಂದು ದಿನದಲ್ಲಿ ಆದುದಲ್ಲ. ಮೊದಲು ಏರಿಳಿತ ಹೋಯಿತು. ಪ್ರಶ್ನೆಗೂ ಉತ್ತರಕ್ಕೂ ಒಂದೇ ಸ್ವರ. ಬಳಿಕ ವಾಕ್ಯದ ಕಡೆಯ ಮಾತುಗಳು ಗಂಟಲಿನಲ್ಲಿಯೇ ಉಳಿಯತೊಡಗಿದುವು. ಬಾಯಿ ತೆರೆಯುವುದಕ್ಕೆ ತಡೆ. ತೆರೆದ ಮೇಲೆ ಅಕ್ಷರಗಳು ಒಂದರ ಮೇಲೊಂದು ಬಿದ್ದು ಓಡುವುವು. ಮುಖದಲ್ಲಿಯೂ ಭಾವ ತೋರದು. ಬಂದ ನೆಂಟರು "ಯಜಮಾನರಿಗೆ ಮುನಿಸೇನೋ" ಎಂದರು. ಕೆಲವರು ಬುದ್ಧಿ ಮಂದವಾಯಿತೆಂದೂ ಪಿಸುಗುಟ್ಟಿದರು. ಬುದ್ಧಿಗೆ ಏನೂ ಆಗಿರಲಿಲ್ಲ.

"ಸ್ವಲ್ಪ ಗಟ್ಟಿಯಾಗಿ ಹೇಳಿ, ಅಣ್ಣಯ್ಯ" ಎಂದರೆ, "ಗಟ್ಟಿಯಾಗಿಯೇ ಹೇಳುತ್ತಿದ್ದೇನಲ್ಲಯ್ಯ! ನಿನ್ನ ಕಿವಿಗೇನಾಯಿತು?" ಎನ್ನುವರು. ನಾವು ಯಾರಿಗೂ ತಿಳಿಸದೆ ಹೋಗಿ ಕಿವಿಯನ್ನು ಪರೀಕ್ಷೆ ಮಾಡಿಸಿಕೊಂಡು ಬಂದೆವೆಂಬುದನ್ನು ವಾಚಕರಲ್ಲಿ ಒಪ್ಪಿಕೊಳ್ಳುತ್ತೇವೆ. ಕಿವಿ ನೆಟ್ಟಗಿದ್ದಿತು.

ಹೋದ ವರ್ಷ ತಂದೆಯವರ ಶ್ರಾದ್ಧದ ದಿನ ಅಣ್ಣನವರು ಸಂಕಲ್ಪ ಹೇಳುತ್ತಿದ್ದರು. ಪುರೋಹಿತರಿಗೆ ಕೇಳಿಸಲಿಲ್ಲ. ಎರಡು ಸಾರಿ ಹೇಳಿಸಿ, ನಮ್ಮ ಕಡೆಗೆ ತಿರುಗಿ, "ನೀವೇ ಹೇಳಿಬಿಡಿ" ಎಂದರು. ನಾವು ಹೇಳಿಬಿಟ್ಟೆವು. ಹೊತ್ತಾಗುತ್ತಿದ್ದಿತು, ಬ್ರಾಹ್ಮಣರು ಕಾದಿದ್ದರು, ಇತ್ಯಾದಿ ನೆಪಗಳುಂಟು. ಅಣ್ಣನವರು ಬೆರಳಿನ ಪವಿತ್ರವನ್ನು ನೋಡುತ್ತ ಕುಳಿತಿದ್ದರು. ಆಮೇಲೆ ಹದಿನೈದು ದಿನ ಅವರು ಮಾತನ್ನೇ ಆಡಲಿಲ್ಲ. ಅತ್ತಿಗೆಯವರೊಬ್ಬರನ್ನುಳಿದು ಮನೆಯಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ.

ಅತ್ತಿಗೆಯವರ ಹಠದಿಂದಲೇ ವಾಕ್ಚಿಕಿತ್ಸೆಯನ್ನು ಬಲ್ಲ ಹೆಣ್ಣುಮಗಳೊಬ್ಬಳ ಬಳಿಗೆ ಹೋದೆವು. ನಮ್ಮ ಮೈಸೂರಿನಲ್ಲಿ 1965ರಿಂದಲೂ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದ್ದರೂ, ಮಾತು ಕಲಿಸುವುದೆಂದರೆ ಮಕ್ಕಳಿಗೆ ಮಾತ್ರವೆಂದು ನಾವು ಭಾವಿಸಿದ್ದೆವು! ಆಕೆ ಅಣ್ಣನವರ ಮಾತನ್ನು ಮೊಬೈಲಿನಲ್ಲಿ ಹಿಡಿದು ಅವರಿಗೇ ಕೇಳಿಸಿದಳು. ಅವರು ಬಹಳ ಹೊತ್ತು ಸುಮ್ಮನಿದ್ದು, "ಇದು ನಾನೆ?" ಎಂದರು. ಈ ವ್ಯಾಧಿಯಲ್ಲಿ ತನ್ನ ದನಿಯನ್ನು ಅಳೆಯುವ ತಕ್ಕಡಿಯೇ ಕೆಡುತ್ತದೆಯಂತೆ; ರೋಗಿಗೆ ಕೂಗಿದಂತೆ ತೋರುವುದು ಕೇಳುವವರಿಗೆ ಸಾಧಾರಣ ಮಾತು. ಕೈಕಾಲುಗಳಿಗೆ ಒದಗುವಂತೆ ಔಷಧವು ದನಿಗೆ ಒದಗುವುದಿಲ್ಲ.

ಅಭ್ಯಾಸಕ್ಕೆ ಸೂತ್ರ ಒಂದೇ: ಜೋರಾಗಿ. ಲೀ ಸಿಲ್ವರ್‌ಮನ್ ಎಂಬ ರೋಗಿಣಿಯ ಹೆಸರಿನಲ್ಲಿ 1980ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ ಕ್ರಮವಿದು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ಗಂಟೆ, ಹೀಗೆ ನಾಲ್ಕು ವಾರ. ಅನಂತರ ಮನೆಯಲ್ಲಿ ನಿತ್ಯವೂ. ಬಿಟ್ಟರೆ ದನಿ ಮತ್ತೆ ಇಳಿಯುತ್ತದೆ. ಬೆಳಗ್ಗೆ ಅಣ್ಣನವರು ಜಗಲಿಯಲ್ಲಿ ಕುಳಿತು ಉಸಿರಿರುವಷ್ಟು ಹೊತ್ತು "ಆ" ಎಂದು ಎಳೆಯುವರು. ಮೊದಲ ದಿನ ಎದುರುಮನೆಯವರು ಗಾಬರಿಯಿಂದ ಓಡಿಬಂದಿದ್ದರು.

ಮನೆಯವರಿಗೂ ಆಕೆ ಕೆಲವು ಪಾಠ ಹೇಳಿದಳು. ಅವರು ಮಾತನಾಡುವಾಗ ಟೆಲಿವಿಷನ್ನು ನಿಲ್ಲಬೇಕು. ಎದುರಿಗೆ ಕುಳಿತು ಮುಖ ನೋಡಬೇಕು. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು. ನುಂಗುವ ಸ್ನಾಯುಗಳೂ ಸೊರಗುವುದುಂಟು. ಅವರ ವಾಕ್ಯವನ್ನು ನಾವು ಪೂರ್ತಿಮಾಡಕೂಡದು. ಈ ಕಡೆಯದು ಉಪಾಧ್ಯಾಯರಾಗಿದ್ದ ನಮಗೆ ಬಲು ಕಷ್ಟ. ಇನ್ನೂ ನಾಲಗೆ ಕಚ್ಚಿಕೊಳ್ಳುತ್ತಿದ್ದೇವೆ.

ಹಿಂದಿನ ಕಂಠ ಮರಳಿಲ್ಲ. ಆದರೆ ಹುಳಿಗೆ ಉಪ್ಪು ಹೆಚ್ಚಾಯಿತೆಂದು ಮೊನ್ನೆ ನಡುಮನೆಯಿಂದ ಹೇಳಿದ್ದು ಅಡಿಗೆಮನೆಗೆ ಕೇಳಿಸಿತು. ಎಂದೂ ಅಂಥ ಮಾತನ್ನು ಸಹಿಸದ ಅತ್ತಿಗೆಯವರು ಅಂದು ಸೆರಗಿನಿಂದ ಕಣ್ಣೊರಸಿಕೊಂಡರು.

ಮುಂದಿನ ತಿಂಗಳು ತಂದೆಯವರ ತಿಥಿ. ಅರ್ಧ ಗಂಟೆ ಮುಂಚಿತವಾಗಿಯೇ ಬರಬೇಕೆಂದು ಪುರೋಹಿತರಿಗೆ ನಾವು ಹೇಳಿಕಳುಹಿಸಿದ್ದೇವೆ.